ಕೊಬ್ಬರಿ, ಹಪ್ಪಳ ಮತ್ತು ಹಳೇ ಫ್ಲೆಕ್ಸ್: ಮನೆಯಲ್ಲಿ ಥ್ಯಾಲೇಟ್ ಕಡಿಮೆ ಮಾಡುವುದು ಹೇಗೆ?

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಹಳೇ ಫ್ಲೆಕ್ಸನ್ನು ಯಾರೂ ಬಿಸಾಡುವುದಿಲ್ಲ. ಜಾತ್ರೆ, ಯಕ್ಷಗಾನ, ಚುನಾವಣೆ ಏನೇ ಮುಗಿಯಲಿ, ಬೋರ್ಡು ಇಳಿದ ಕೂಡಲೇ ಅದಕ್ಕೊಂದು ಹೊಸ ಕೆಲಸ ಸಿಗುತ್ತದೆ. ಹಟ್ಟಿಯ ಮಾಡಿಗೆ ಹೊದಿಕೆ, ಸೌದೆಗೆ ಮುಚ್ಚಿಗೆ, ಅಂಗಳದಲ್ಲಿ ಹಾಸು. ಕೇರಳ ಸರ್ಕಾರ 2019ರಲ್ಲಿ ಪಿವಿಸಿ ಫ್ಲೆಕ್ಸ್ ಬೋರ್ಡುಗಳನ್ನು ನಿಷೇಧಿಸಿತು. ಆದರೂ ಮೊದಲಿನವು ಅಟ್ಟದಲ್ಲಿ, ಹಟ್ಟಿಯ ಮೂಲೆಯಲ್ಲಿ ಇನ್ನೂ ಇವೆ. ಸೌದೆಗೆ ಹೊದೆಸಿದರೆ ನನ್ನ ತಕರಾರಿಲ್ಲ. ಅದರ ಮೇಲೆ ಕೊಬ್ಬರಿ, ಹಪ್ಪಳ ಒಣಗಿಸುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಕು. ಫ್ಲೆಕ್ಸನ್ನು ಮೆತ್ತಗೆ ಮಾಡಲು ಬೆರೆಸುವ ಥ್ಯಾಲೇಟ್ ಎಂಬ ರಾಸಾಯನಿಕ ತಿನ್ನುವ ವಸ್ತುವಿಗೆ ಇಳಿಯುತ್ತದೆ. ಹೇಗೆ, ಯಾಕೆ ಅಂತ ಹೇಳುತ್ತೇನೆ. ಅದರ ಜೊತೆಗೇ ಮನೆಯಲ್ಲಿ ಇನ್ನೇನೇನು ಬದಲಿಸಬಹುದು, ಯಾವುದನ್ನು ಮೊದಲು ಬದಲಿಸಬೇಕು ಎಂಬುದನ್ನೂ ಹೇಳುತ್ತೇನೆ.

ವಿಷಯ ಏನು?

ಪಿವಿಸಿ ಹುಟ್ಟಾ ಗಟ್ಟಿ ಪ್ಲಾಸ್ಟಿಕ್. ಪಂಪಿನ ಬೂದು ಬಣ್ಣದ ಪೈಪನ್ನೇ ನೋಡಿ. ಜೋರಾಗಿ ಬಗ್ಗಿಸಿದರೆ ಮುರಿಯುತ್ತದೆ. ಅದೇ ಪಿವಿಸಿಯಿಂದ ರೈನ್‌ಕೋಟು, ಹೂದೋಟದ ಪೈಪು, ಮೇಜಿನ ಹಾಸು, ಫ್ಲೆಕ್ಸ್ ಮಾಡಬೇಕಾದರೆ ಅದನ್ನು ಮೆತ್ತಗೆ ಮಾಡಬೇಕು. ಅದಕ್ಕೆ ಎಣ್ಣೆಯಂಥ ಒಂದು ದ್ರವ ಬೆರೆಸುತ್ತಾರೆ. ಅದೇ ಪ್ಲಾಸ್ಟಿಸೈಸರ್. ಇದರಲ್ಲಿ ಬಹುಕಾಲದಿಂದ ಹೆಚ್ಚು ಬಳಕೆಯಲ್ಲಿರುವ ಗುಂಪು ಥ್ಯಾಲೇಟ್‌ಗಳದ್ದು. ಡಿಇಎಚ್‌ಪಿ, ಡಿಬಿಪಿ, ಬಿಬಿಪಿ, ಡಿಐಎನ್‌ಪಿ ಎಲ್ಲ ಇದೇ ಗುಂಪಿನ ಹೆಸರುಗಳು. ಬೆರೆಸುವುದು ಚಿಟಿಕೆಯಷ್ಟಲ್ಲ. ರಕ್ತ ತುಂಬುವ ಪಿವಿಸಿ ಚೀಲದ ತೂಕದಲ್ಲಿ ಶೇ 30ರಿಂದ 40ರಷ್ಟು ಡಿಇಎಚ್‌ಪಿಯೇ ಇರಬಹುದು.

ತೊಂದರೆ ಇರುವುದು ಇಲ್ಲಿ. ಈ ದ್ರವ ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಕೂಡಿಕೊಂಡಿರುವುದಿಲ್ಲ. ಬೋಂಡಾ ಕಟ್ಟಿದ ಕಾಗದದಲ್ಲಿ ಎಣ್ಣೆ ಇರುವ ಹಾಗೆ ಸುಮ್ನೆ ಒಳಗೆ ಕೂತಿರುತ್ತದೆ. ಅವಕಾಶ ಸಿಕ್ಕಿದಾಗ ಹೊರಗೆ ಬರುತ್ತದೆ. ಎಣ್ಣೆ, ತುಪ್ಪ, ಕೊಬ್ಬು ತಾಗಿದರೆ ಬೇಗ ಬರುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಹೆಚ್ಚು ಹೊತ್ತು ತಾಗಿಕೊಂಡಿದ್ದರೆ ಹೆಚ್ಚು ಬರುತ್ತದೆ. ಎಣ್ಣೆ, ಬಿಸಿ, ಹೊತ್ತು: ಈ ಮೂರು ಮೆತ್ತಗಿನ ಪಿವಿಸಿಯ ಜೊತೆ ಸೇರದ ಹಾಗೆ ನೋಡಿಕೊಂಡರೆ ಮನೆಯೊಳಗಿನ ಕೆಲಸದಲ್ಲಿ ಮುಕ್ಕಾಲು ಪಾಲು ಮುಗಿಯಿತು. ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ದೇಹಕ್ಕೆ ಏನಾಗುತ್ತದೆ? ಡಿಇಎಚ್‌ಪಿ, ಡಿಬಿಪಿ, ಬಿಬಿಪಿಗಳು ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಬಸುರಿ ಇಲಿಗಳಿಗೆ ಕೊಟ್ಟಾಗ ಗಂಡು ಮರಿಗಳ ಜನನಾಂಗ ಸರಿಯಾಗಿ ಬೆಳೆಯದೇ ಇರುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಇದನ್ನು ಮೊದಲು ಗಟ್ಟಿಯಾಗಿ ಎತ್ತಿ ಹೇಳಿದ್ದು 2005ರಲ್ಲಿ ಅಮೆರಿಕದ ಶಾನಾ ಸ್ವಾನ್ ಅವರ ತಂಡ. ಬಸುರಿಯರ ಮೂತ್ರದಲ್ಲಿ ಥ್ಯಾಲೇಟಿನ ಅಂಶ ಹೆಚ್ಚಿದ್ದಾಗ ಹುಟ್ಟಿದ ಗಂಡು ಮಕ್ಕಳಲ್ಲೂ ಅಂಥದೇ ಸೂಕ್ಷ್ಮ ವ್ಯತ್ಯಾಸ ಅವರಿಗೆ ಕಂಡಿತು. ಆಮೇಲೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದರ ಜೊತೆಗೂ ಸಂಬಂಧ ಕಂಡಿದೆ. 2004ರಲ್ಲಿ ಬಂದ ಸ್ವೀಡನ್ನಿನ ಒಂದು ಅಧ್ಯಯನ ಮನೆಯ ಧೂಳಿನಲ್ಲಿರುವ ಥ್ಯಾಲೇಟಿಗೂ ಮಕ್ಕಳ ಅಲರ್ಜಿ, ಉಬ್ಬಸಕ್ಕೂ ನಂಟು ತೋರಿಸಿತು. ಸಂಬಂಧ ಕಂಡಿದೆ ಎಂದರೆ ಅದೇ ಕಾರಣ ಎಂದು ಸಾಬೀತಾಯಿತು ಎಂದಲ್ಲ. ಆದರೆ ಪ್ರಾಣಿಗಳಲ್ಲಿ ಕಂಡದ್ದು, ಮನುಷ್ಯರಲ್ಲಿ ಕಂಡದ್ದು ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತಿರುವಾಗ ಕಾದು ಕೂರುವುದು ಸರಿಯಲ್ಲ.

ನಮ್ಮ ಜಿಲ್ಲೆಯಲ್ಲಿ ರಾಸಾಯನಿಕ ಎಂದ ಕೂಡಲೇ ಎಂಡೋಸಲ್ಫಾನ್ ನೆನಪಾಗುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದದ್ದನ್ನು ಎಣ್ಮಕಜೆ, ಪಡ್ರೆಯ ಮನೆಗಳು ಇಂದಿಗೂ ಅನುಭವಿಸುತ್ತಿವೆ. ಥ್ಯಾಲೇಟನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಅದು ಕೀಟ ಕೊಲ್ಲಲೆಂದೇ ಮಾಡಿದ ವಿಷ, ಇದು ದಿನಾಲೂ ಸ್ವಲ್ಪ ಸ್ವಲ್ಪ ಒಳಗೆ ಹೋಗುವ ವಸ್ತು. ದೊಡ್ಡ ಸಮಾಧಾನದ ಸಂಗತಿಯೆಂದರೆ ಥ್ಯಾಲೇಟ್ ದೇಹದಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ. ಹೆಚ್ಚಿನ ಭಾಗ ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ. ಒಳಗೆ ಬರುವುದು ನಿಂತರೆ ಅಂಶ ಇಳಿಯುತ್ತದೆ. 2011ರಲ್ಲಿ ಅಮೆರಿಕದ 5 ಕುಟುಂಬಗಳಿಗೆ 3 ದಿನ ಪ್ಲಾಸ್ಟಿಕ್ ತಾಗದ, ತಾಜಾ ಅಡುಗೆ ಕೊಟ್ಟು ನೋಡಿದರು. ಡಿಇಎಚ್‌ಪಿಯ ಅಂಶ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಹಾಗಾಗಿ ಈಗ ಮಾಡುವ ಬದಲಾವಣೆಗೆ ಬೆಲೆ ಇದೆ.

ಹೆಜ್ಜೆ 1: ಯಾವುದು ಪಿವಿಸಿ ಎಂದು ಗುರುತು ಹಿಡಿಯಿರಿ

ನಮ್ಮ ಕಡೆ ಲೇಬಲ್ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ತ್ರಿಕೋನದೊಳಗಿನ ಸಂಖ್ಯೆಗೆ ಭಾಷೆಯ ತಕರಾರಿಲ್ಲ. 3 ಎಂದಿದ್ದರೆ ಪಿವಿಸಿ. 2, 4, 5 ಇದ್ದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಇವನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಬೇಕಾಗಿಲ್ಲ. ನೀರಿನ ಬಾಟಲಿಯ ಮೇಲೆ 1 ಇರುತ್ತದೆ. ಅದರಲ್ಲೂ ಪ್ಲಾಸ್ಟಿಸೈಸರ್ ಬೆರೆಸುವುದಿಲ್ಲ.

ಸಂಖ್ಯೆಯೇ ಇಲ್ಲದಿದ್ದರೆ ನೀರಿನ ಪರೀಕ್ಷೆ ಮಾಡಿ. ಮೂಲೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ. ಲೋಟದ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ. ತುಂಡನ್ನು ಬೆರಳಲ್ಲಿ ಒತ್ತಿ, ಅಂಟಿದ ಗಾಳಿಗುಳ್ಳೆ ಬಿಡಿಸಿ, ಕೈ ತೆಗೆಯಿರಿ. ಪಾಲಿಥೀನ್ ಮೇಲೆ ಬರುತ್ತದೆ. ಪಿವಿಸಿ ತಳಕ್ಕೆ ಹೋಗುತ್ತದೆ. ಮುಳುಗುವುದೆಲ್ಲ ಪಿವಿಸಿ ಅಲ್ಲ, ಸಿಲಿಕೋನ್ ಕೂಡ ಮುಳುಗುತ್ತದೆ. ಆದರೆ ರಬ್ಬರಿನಂತೆ ಮೆತ್ತಗಿದ್ದು, ಅಗ್ಗವಾಗಿದ್ದು, ಮುಳುಗುವುದಾದರೆ ಪಿವಿಸಿ ಎಂದೇ ತಿಳಿದು ಊಟದ ವಸ್ತುವಿನಿಂದ ದೂರ ಇಡಿ. ಅಂಗಳದ ನೀಲಿ ಟರ್ಪಾಲು ಸಾಮಾನ್ಯವಾಗಿ ತೇಲುತ್ತದೆ. ಫ್ಲೆಕ್ಸ್ ಮುಳುಗುತ್ತದೆ.

ಸುಟ್ಟು ನೋಡುವ ಪರೀಕ್ಷೆಯೂ ಇದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪಿವಿಸಿಯ ಹೊಗೆ ಮನೆಯೊಳಗೆ ಬರಲೇಬಾರದು. ವಾಸನೆಯನ್ನೂ ನಂಬಬೇಡಿ. ಹೊಸ ರೈನ್‌ಕೋಟಿನ ಗಾಟು ವಾಸನೆ ಪಿವಿಸಿಯ ಸುಳಿವು ಕೊಡಬಹುದು. ಆದರೆ ಡಿಇಎಚ್‌ಪಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ವಾಸನೆ ಹೋಯಿತು ಎಂದರೆ ಅದೂ ಹೋಯಿತು ಎಂದಲ್ಲ.

ಹೆಜ್ಜೆ 2: ಎಣ್ಣೆ ಇರುವುದನ್ನು ಮೊದಲು ಬಿಡಿಸಿ

ಇದು ಅತಿ ಮುಖ್ಯವಾದ ಹೆಜ್ಜೆ. ಇದೊಂದನ್ನೇ ಮಾಡಿ ಉಳಿದದ್ದನ್ನು ಬಿಟ್ಟರೂ ಲಾಭವಿದೆ.

ಕೊಬ್ಬರಿಯಿಂದ ಶುರು ಮಾಡೋಣ. ಒಣಗಿದ ಕೊಬ್ಬರಿಯ ತೂಕದಲ್ಲಿ ಶೇ 60ಕ್ಕೂ ಹೆಚ್ಚು ಎಣ್ಣೆ. ಏಪ್ರಿಲಿನ ಬಿಸಿಲಿಗೆ ಅಂಗಳದಲ್ಲಿ ಹಾಸಿದ ಫ್ಲೆಕ್ಸಿನ ಮೇಲೆ ಬರಿಗಾಲಲ್ಲಿ ನಿಲ್ಲಲಿಕ್ಕಾಗುವುದಿಲ್ಲ. ಅದರ ಮೇಲೆ ಕೊಬ್ಬರಿ ದಿನಗಟ್ಟಲೆ ಬಿದ್ದಿರುತ್ತದೆ. ಎಣ್ಣೆ, ಬಿಸಿ, ಹೊತ್ತು ಮೂರೂ ಒಟ್ಟಿಗೆ ಸೇರಿದವು. ಆ ಕೊಬ್ಬರಿ ಮಿಲ್ಲಿಗೆ ಹೋಗುತ್ತದೆ, ಎಣ್ಣೆಯಾಗಿ ಅಡುಗೆಮನೆಗೇ ಬರುತ್ತದೆ. ಎರಡು ಬೇಸಿಗೆ ಕಂಡ ಫ್ಲೆಕ್ಸನ್ನು ಮಡಚಿ ನೋಡಿ. ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಒರಟಾಗಿರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ಕೂ ಹಾಳಾಗಿರುತ್ತದೆ, ಮೆತ್ತಗಿಟ್ಟಿದ್ದ ದ್ರವವೂ ಹೊರಟು ಹೋಗಿರುತ್ತದೆ. ಹೋದದ್ದು ಗಾಳಿಗೆ, ಮಳೆನೀರಿಗೆ, ಅದರ ಮೇಲೆ ಇಟ್ಟದ್ದಕ್ಕೆ.

ಕೊಬ್ಬರಿಗೆ ಗುಡಿಸಿದ ಸಿಮೆಂಟು ಅಂಗಳ ಸಾಕು. ಮಣ್ಣಿನ ಅಂಗಳವಾದರೆ ಬಿದಿರಿನ ತಟ್ಟಿಯೋ ಓಲೆ ಚಾಪೆಯೋ ಹಾಸಿ. ಹಾಸು ಬೇಕೇಬೇಕು, ಬೇರೇನೂ ಸಿಗುವುದಿಲ್ಲ ಎಂದಾದರೆ ಪಾಲಿಥೀನಿನ ಟರ್ಪಾಲು ಫ್ಲೆಕ್ಸಿಗಿಂತ ಎಷ್ಟೋ ಮೇಲು. ಸುಲಿಯದ ಅಡಿಕೆಗೆ ಸಿಪ್ಪೆ ಇರುವುದರಿಂದ ಅದರ ಚಿಂತೆ ಅಷ್ಟಿಲ್ಲ. ಆದರೆ ಅಡಿಕೆಗೆ ಹಾಸಿದ್ದರ ಮೇಲೇ ಸಂಜೆ ಕಾಳುಮೆಣಸು, ಮರುದಿನ ಹಪ್ಪಳ ಬರುತ್ತದೆ, ಅಲ್ವಾ? ತಿನ್ನುವ ವಸ್ತುವಿಗೆ ಬೇರೆ ಹಾಸು ಎಂದು ಒಂದು ನಿಯಮ ಮಾಡಿಕೊಂಡರೆ ಗೊಂದಲವೇ ಇಲ್ಲ.

ಹಲಸಿನ ಹಪ್ಪಳದ ಕೆಲಸದಲ್ಲಿ ನೋಡಬೇಕಾದ ಜಾಗ ಎರಡು. ಒಂದು, ಒತ್ತುವ ಮಣೆಗೆ ಹಾಕುವ ಪ್ಲಾಸ್ಟಿಕ್ ಹಾಳೆ. ಅದಕ್ಕೆ ತೆಂಗಿನೆಣ್ಣೆ ಸವರಿ, ಹಿಟ್ಟಿನ ಉಂಡೆ ಇಟ್ಟು, ಮೇಲೊಂದು ಹಾಳೆ ಮುಚ್ಚಿ ಒತ್ತುತ್ತೇವೆ. ತೊಳೆದ ಹಾಲಿನ ಪ್ಯಾಕೆಟನ್ನು ಬಿಡಿಸಿ ಬಳಸುವವರಿದ್ದಾರೆ. ಅದು ಪಾಲಿಥೀನ್, ಥ್ಯಾಲೇಟಿನ ಮಟ್ಟಿಗೆ ಚಿಂತೆಯಿಲ್ಲ. ಆದರೆ ಮೇಜಿಗೆ ಹಾಸುವ ದಪ್ಪನೆಯ ಪಾರದರ್ಶಕ ಹಾಳೆಯಲ್ಲಿ ಮಿಕ್ಕಿದ ತುಂಡನ್ನು ಇದಕ್ಕೆ ಕತ್ತರಿಸಿಕೊಳ್ಳುವುದೂ ಉಂಟು. ಅದು ಹೆಚ್ಚಾಗಿ ಮೆತ್ತಗಿನ ಪಿವಿಸಿ, ಅದರ ಮೇಲೆ ಎಣ್ಣೆ. ಬೇಡ. ಬಾಡಿಸಿದ ಬಾಳೆಲೆ ಎಲ್ಲಕ್ಕಿಂತ ಒಳ್ಳೆಯದು. ಇನ್ನೊಂದು, ಒಣಗಿಸುವ ಹಾಸು. ಚಾಪೆಯ ಮೇಲೆ ಒಗೆದ ಹಳೇ ಹತ್ತಿ ಪಂಚೆ ಹಾಸಿದರೆ ಹಪ್ಪಳ ಅಂಟುವುದೂ ಇಲ್ಲ.

ಎಣ್ಣೆ ಇಳಿಸುವ ಟ್ಯೂಬನ್ನು ಮರೆಯಬೇಡಿ. ಡಬ್ಬದಿಂದ ಬಾಟಲಿಗೆ ಎಣ್ಣೆ ಇಳಿಸಲು ಹಾರ್ಡ್‌ವೇರ್ ಅಂಗಡಿಯ ಲೆವೆಲ್ ಪೈಪಿನ ತುಂಡನ್ನು ಇಟ್ಟುಕೊಂಡಿರುವ ಮನೆಗಳು ಬೇಕಾದಷ್ಟಿವೆ. ಹೊಸದಿದ್ದಾಗ ಗಾಜಿನಂತೆ ಕಾಣುತ್ತದೆ, ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತ್ತಗಿರುತ್ತದೆ. ಕೆಲವು ಕಾಲದ ನಂತರ ಹಳದಿಯಾಗಿ ಸೆಟೆದುಕೊಳ್ಳುತ್ತದೆ. ಮೆತ್ತಗಿಟ್ಟಿದ್ದದ್ದು ಎಣ್ಣೆಯ ಜೊತೆ ಹೋಗಿರುತ್ತದೆ. ಸ್ಟೀಲಿನ ಆಲಿಕೆ, ಸೌಟು ಇದ್ದರೆ ಟ್ಯೂಬೇ ಬೇಡ. ಬೇಕೆಂದರೆ ಆಹಾರ ದರ್ಜೆಯ ಸಿಲಿಕೋನ್ ಟ್ಯೂಬು ಕೇಳಿ ತನ್ನಿ. ಬೆಲೆ ಜಾಸ್ತಿ, ಆದರೆ ಬೇಕಾಗುವುದು ಒಂದೆರಡು ಮೊಳ ಮಾತ್ರ.

ಉಪ್ಪಿನಕಾಯಿಗೆ ಭರಣಿ ಇದ್ದರೆ ಅದೇ ಉತ್ತಮ. ಗಾಜಿನ ಬಾಟಲಿಯೂ ಒಳ್ಳೆಯದೇ. ಆದರೆ ಜಾಮು, ಸಾಸಿನ ಬಾಟಲಿಗಳ ತಗಡಿನ ಮುಚ್ಚಳದ ಒಳಗೆ ಬಿಳಿ ಉಂಗುರ ಇರುತ್ತದೆ ನೋಡಿ, ಅದು ಸಾಮಾನ್ಯವಾಗಿ ಮೆತ್ತಗಿನ ಪಿವಿಸಿ. ಎಣ್ಣೆ ಹಾಕಿದ ಉಪ್ಪಿನಕಾಯಿ ತುಂಬಿ ಬಾಟಲಿಯನ್ನು ಅಡ್ಡ ಮಲಗಿಸಿದರೆ ಎಣ್ಣೆ ನೇರವಾಗಿ ಅದಕ್ಕೇ ತಾಗುತ್ತದೆ. ಕಂಠದವರೆಗೆ ತುಂಬಬೇಡಿ, ನೆಟ್ಟಗೆ ಇಡಿ. ಉಪ್ಪು ಸೊಳೆ, ಅಂದರೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ನೀಲಿ ಡ್ರಮ್ಮು ಸಾಮಾನ್ಯವಾಗಿ 2ನೇ ಸಂಖ್ಯೆಯ ಪ್ಲಾಸ್ಟಿಕ್. ಒಳಗಿರುವುದೂ ಉಪ್ಪುನೀರು. ಥ್ಯಾಲೇಟಿನ ಲೆಕ್ಕದಲ್ಲಿ ಅದು ಪರವಾಗಿಲ್ಲ. ಮೊದಲು ರಾಸಾಯನಿಕ ತುಂಬಿದ್ದ ಡ್ರಮ್ಮು ಮಾತ್ರ ಆಗಬಾರದು.

ಬಿಸಿ ಸಾಂಬಾರು ಕಟ್ಟಿ ಕೊಡುವ ತೆಳು ಚೀಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಹೆಚ್ಚಾಗಿ ಪಾಲಿಥೀನ್. ಅದಕ್ಕೆ ಬೇರೆ ದೋಷಗಳಿವೆ, ಬಿಸಿ ಪದಾರ್ಥಕ್ಕೆ ಅದು ಬೇಡವೇ ಬೇಡ. ಆದರೆ ಥ್ಯಾಲೇಟಿನ ದೊಡ್ಡ ಮೂಲ ಅದಲ್ಲ. ಬೋಂಡಾ, ಚಕ್ಕುಲಿಯನ್ನು ಪತ್ರಿಕೆಯಲ್ಲಿ ಕಟ್ಟುವುದು ಅದಕ್ಕಿಂತ ಕೆಟ್ಟದ್ದು. ಮುದ್ರಣದ ಶಾಯಿಯಲ್ಲೂ ಮರುಬಳಕೆಯ ಕಾಗದ, ರಟ್ಟಿನಲ್ಲೂ ಥ್ಯಾಲೇಟ್ ಇರಬಹುದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಪತ್ರಿಕೆಯಲ್ಲಿ ತಿಂಡಿ ಕಟ್ಟುವಂತೆಯೇ ಇಲ್ಲ.

ಹೆಜ್ಜೆ 3: ನೀರಿನ ದಾರಿಯ ಕೊನೆಯ ತುಂಡು

ನೀರಿಗೆ ಥ್ಯಾಲೇಟ್ ಸೇರುವುದು ಎಣ್ಣೆಗಿಂತ ಬಹಳ ಕಡಿಮೆ. ಗಟ್ಟಿ ಪಿವಿಸಿ ಪೈಪಿಗೆ ಅದನ್ನು ಹಾಕುವ ಅಗತ್ಯವೂ ಇಲ್ಲ. ಹಾಗಾಗಿ ಪೈಪೆಲ್ಲ ಅಗೆದು ತೆಗೆಯಬೇಡಿ. ನೋಡಬೇಕಾದ್ದು ಕೊನೆಯ ಮೆತ್ತಗಿನ ತುಂಡು. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಮೊದಲು ಅಡಿಕೆ ಮರ ಸೀಳಿದ ದಂಬೆಯಲ್ಲಿ ತರುತ್ತಿದ್ದೆವು, ಈಗ ಪೈಪು. ಗುಡ್ಡದಿಂದ ಕಪ್ಪು ಪಾಲಿಥೀನ್ ಪೈಪು ಬಂದರೂ ಅಡುಗೆಮನೆಯ ಹತ್ತಿರ ಹಸುರು ಹೋಸ್ ಪೈಪಿನ ತುಂಡು ಜೋಡಿಸಿರುತ್ತಾರೆ. ದಿನವಿಡೀ ಬಿಸಿಲಿನಲ್ಲಿ ಬಿದ್ದಿರುತ್ತದೆ, ಒಳಗೆ ನೀರು ನಿಂತು ಬೆಚ್ಚಗಾಗಿರುತ್ತದೆ. ಆ ನೀರನ್ನು ಕುಡಿಯಲು ಹಿಡಿಯಬೇಡಿ. ಕೊನೆಯವರೆಗೂ ಕಪ್ಪು ಪೈಪನ್ನೇ ತನ್ನಿ. ಅದಾಗುವವರೆಗೆ ಹೋಸಿನಲ್ಲಿ ನಿಂತ ನೀರನ್ನು ಗಿಡಕ್ಕೆ ಬಿಟ್ಟು, ಆಮೇಲೆ ಹಿಡಿಯಿರಿ. ಅಡಿಕೆಗೆ ಕೊಳೆರೋಗದ ಬೋರ್ಡೋ ಮದ್ದು ಬಿಟ್ಟು ಹಳತಾದ ಪೈಪು ಮನೆಯ ನೀರಿಗೆ ಯಾವ ಕಾರಣಕ್ಕೂ ಬೇಡ.

ಹೆಜ್ಜೆ 4: ಬಸುರಿಯರು, ಎಳೆಯ ಮಕ್ಕಳು

ಮನೆಯಲ್ಲಿ ಬಸುರಿಯೋ ಮೂರು ವರ್ಷದೊಳಗಿನ ಮಗುವೋ ಇದ್ದರೆ ಈ ಹೆಜ್ಜೆಯನ್ನು ಮುಂದೂಡಬೇಡಿ. ಗಂಡು ಶಿಶುವಿನ ಅಂಗಗಳು ರೂಪಗೊಳ್ಳುವುದು ಬಸಿರಿನ ಮೊದಲ ತಿಂಗಳುಗಳಲ್ಲಿ.

ಆಟಿಕೆಯಿಂದ ಶುರು ಮಾಡಿ. ಮಗು ಆಟಿಕೆಯನ್ನು ಬಾಯಿಗೆ ಹಾಕಿ ಚೀಪುತ್ತದೆ, ಜಗಿಯುತ್ತದೆ. ಯುರೋಪು 1999ರಲ್ಲಿ ತುರ್ತು ನಿಷೇಧ ತಂದು, 2005ರಲ್ಲಿ ಅದನ್ನು ಕಾಯಂ ಮಾಡಿತು. ಆಟಿಕೆಯಲ್ಲಿ ಡಿಇಎಚ್‌ಪಿ, ಡಿಬಿಪಿ, ಬಿಬಿಪಿ ಶೇ 0.1ಕ್ಕಿಂತ ಹೆಚ್ಚು ಇರಬಾರದು ಎಂದಿತು. ಅಮೆರಿಕ 2008ರಲ್ಲಿ ಅದೇ ಮಿತಿ ತಂದಿತು. ನಮ್ಮಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಆಟಿಕೆಯ ಮಾನಕ ಐಎಸ್ 9873ರ ಒಂದು ಭಾಗ ಥ್ಯಾಲೇಟಿಗೆಂದೇ ಇದೆ. ಗುರುತಿನ ಕೆಳಗೆ ಪರವಾನಗಿ ಸಂಖ್ಯೆ ಇರುತ್ತದೆ. ಈ ಗುರುತು ಕೊಡುವ ಭಾರತೀಯ ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಒತ್ತಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಕುಂಬಳೆ ಜಾತ್ರೆಯ ಬೆಡಿಯ ಸಂತೆಗೋ ಮಧೂರು ದೇವಸ್ಥಾನಕ್ಕೋ ಹೋದಾಗ ಮಕ್ಕಳು ಹಟ ಹಿಡಿಯದೇ ಇರುತ್ತಾರೆಯೇ? ಅವರನ್ನು ಬರಿಗೈಯಲ್ಲಿ ಕರೆದು ತನ್ನಿ ಎಂದು ನಾನು ಹೇಳುವುದಿಲ್ಲ. ಒತ್ತಿದರೆ ಪೀಂ ಎನ್ನುವ ಮೆತ್ತಗಿನ ಬಾತುಕೋಳಿ, ರಬ್ಬರಿನಂಥ ಹಾವು, ಊದುವ ಬೊಂಬೆ ಬಿಟ್ಟು ಮರದ ಬುಗುರಿ, ಬಟ್ಟೆಯ ಬೊಂಬೆ, ಗಟ್ಟಿ ಪ್ಲಾಸ್ಟಿಕ್ಕಿನ ಗಾಡಿ ಕೊಡಿಸಿ. ಗುರುತಿಲ್ಲದ ಮೆತ್ತಗಿನ ಆಟಿಕೆ ಮನೆಯಲ್ಲಿ ಈಗಾಗಲೇ ಇದ್ದರೆ ಹಲ್ಲು ಬರುವ ಮಗುವಿನ ಕೈಗೆ ಸಿಗದ ಹಾಗೆ ಇಡಿ. ಹಳೆಯದಾದಷ್ಟೂ ಅನುಮಾನ ಜಾಸ್ತಿ.

ಆಮೇಲೆ ನೆಲ. ಸಿಮೆಂಟಿನ ಮೇಲೆ ಹಾಸುವ ಅಗ್ಗದ ವಿನೈಲ್ ಕಾರ್ಪೆಟ್ ಮೆತ್ತಗಿನ ಪಿವಿಸಿ. ಅದರಿಂದ ಹೊರಟದ್ದು ಧೂಳಿಗೆ ಅಂಟುತ್ತದೆ, ಅಂಬೆಗಾಲಿಡುವ ಮಗುವಿನ ಅಂಗೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಮಗು ಆಡುವ ಕೋಣೆಯಿಂದ ಅದನ್ನು ತೆಗೆದುಬಿಡಿ. ರೆಡ್ ಆಕ್ಸೈಡ್ ನೆಲವೇ ಚೆನ್ನ. ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟಕ್ಕೆ ಮೊದಲು ಕೈ ತೊಳೆಸಿ.

ಬಸುರಿಯರು ಸೆಂಟು, ಘಮಘಮ ಲೋಷನ್, ರೂಮ್ ಫ್ರೆಶ್ನರ್ ಕಡಿಮೆ ಮಾಡಿ. ಸುವಾಸನೆ ಉಳಿಯಲು ಡಿಇಪಿ ಎಂಬ ಥ್ಯಾಲೇಟ್ ಬಳಸುತ್ತಾರೆ. ಲೇಬಲಿನಲ್ಲಿ ‘ಸುಗಂಧ’ ಎಂಬ ಒಂದೇ ಮಾತಿನ ಹಿಂದೆ ಅದು ಅಡಗಿರಬಹುದು. ಮಗುವಿನ ಮೈಗೆ ಪರಿಮಳ ಬೇಕಿಲ್ಲ, ತೆಂಗಿನೆಣ್ಣೆ ಸಾಕು.

ಹೆಜ್ಜೆ 5: ಮಸಾಲೆ, ಹಾಲು, ಹೊರಗಿನ ಊಟ

ನಮ್ಮ ಅಡುಗೆಮನೆ ಎಷ್ಟೇ ಚೊಕ್ಕಟ ಇರಲಿ, ಸಾಮಾನು ಎಲ್ಲಿಂದ ಬಂತು ಎಂಬುದೂ ಮುಖ್ಯ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕೆಲವು ಕುಟುಂಬಗಳಿಗೆ ಪ್ಲಾಸ್ಟಿಕ್ ತಾಗಿಸದೆ ತಾಜಾ ಅಡುಗೆ ಮಾಡಿ ಕೊಟ್ಟರು. ಥ್ಯಾಲೇಟ್ ಇಳಿಯುವ ಬದಲು ವಿಪರೀತ ಏರಿತು. ಹುಡುಕಿದಾಗ ಸಿಕ್ಕಿದ್ದು ಕೊತ್ತಂಬರಿ ಪುಡಿ. ಅದರಲ್ಲಿ ಕಿಲೋಗೆ 21 ಮಿಲಿಗ್ರಾಂ ಡಿಇಎಚ್‌ಪಿ ಇತ್ತು. ಹಾಲಿನಲ್ಲೂ ಸ್ವಲ್ಪ ಇತ್ತು.

ಎಲ್ಲ ಕೊತ್ತಂಬರಿ ಪುಡಿಯೂ ಹಾಗೆ ಎಂದು ಇದರ ಅರ್ಥವಲ್ಲ. ಆದರೆ ಕೊತ್ತಂಬರಿ, ಮೆಣಸು, ಜೀರಿಗೆಯನ್ನು ಇಡಿಯಾಗಿ ತಂದು, ಹುರಿದು, ಮನೆಯಲ್ಲೇ ಪುಡಿ ಮಾಡುವ ನಮ್ಮ ಅಭ್ಯಾಸ ಬಿಡಬಾರದು ಎನ್ನಲು ಇದೊಂದು ಗಟ್ಟಿ ಕಾರಣ.

ದನ ಸಾಕಿ ಸೊಸೈಟಿಗೆ ಹಾಲು ಹಾಕುವವರು ಹಾಲು ಕರೆಯುವ ಮಿಷನ್ನಿನ ಟ್ಯೂಬು ಪಿವಿಸಿಯದ್ದೋ ಸಿಲಿಕೋನಿನದ್ದೋ ಕೇಳಿ ತಿಳಿದುಕೊಳ್ಳಿ. ಹಾಲಿನಲ್ಲಿ ಕೊಬ್ಬಿದೆ, ಕರೆದಾಗ ಬೆಚ್ಚಗಿರುತ್ತದೆ. ಟ್ಯೂಬು ಬದಲಿಸುವ ಹೊತ್ತು ಬಂದಾಗ ಆಹಾರ ದರ್ಜೆಯ ಸಿಲಿಕೋನ್ ಹಾಕಿಸಿ. ತುಂಬಿಸಲು ಸ್ಟೀಲಿನ ಕ್ಯಾನು.

ಹೋಟೆಲು, ಬೇಕರಿ ನಡೆಸುವವರಿಗೆ ಕೈಗವಸಿನ ಬಗ್ಗೆ ಒಂದು ಮಾತು. ಜಪಾನಿನಲ್ಲಿ ಊಟದ ಡಬ್ಬಿಗಳಲ್ಲಿ ಡಿಇಎಚ್‌ಪಿ ಕಂಡು, ಅದು ಅಡುಗೆಯವರ ಪಿವಿಸಿ ಕೈಗವಸಿನಿಂದ ಬಂದದ್ದೆಂದು ಗೊತ್ತಾಯಿತು. 2000ದಲ್ಲಿ ಅಂಥ ಕೈಗವಸನ್ನು ಆಹಾರದ ಕೆಲಸದಿಂದ ದೂರ ಇಡಿಸಿದರು. ಬಿಸಿ ಹೋಳಿಗೆ ಎತ್ತಲು ವಿನೈಲ್ ಕೈಗವಸು ಬೇಡ, ಇಕ್ಕಳ ಬಳಸಿ. ಕೈಗವಸೇ ಬೇಕಿದ್ದರೆ ಪಾಲಿಥೀನಿನದ್ದೋ ನೈಟ್ರೈಲ್ ಎಂಬ ರಬ್ಬರಿನದ್ದೋ ತರಿಸಿ.

ಆಸ್ಪತ್ರೆಯಲ್ಲಿ

ಇಲ್ಲಿ ಹೇಳುವುದನ್ನು ಸರಿಯಾಗಿ ಓದಿ. ರಕ್ತ, ಡ್ರಿಪ್, ಡಯಾಲಿಸಿಸ್ ಬೇಕಿದ್ದರೆ ಥ್ಯಾಲೇಟಿಗೆ ಹೆದರಿ ಯಾವತ್ತೂ ಬೇಡ ಎನ್ನಬೇಡಿ. ಜೀವ ಮೊದಲು. ರಕ್ತದ ಚೀಲದಿಂದ ಡಿಇಎಚ್‌ಪಿಯನ್ನು ತೆಗೆಯುವುದು ಕಷ್ಟವಾಗಿರುವುದಕ್ಕೆ ಒಂದು ವಿಚಿತ್ರ ಕಾರಣವೂ ಇದೆ. ಚೀಲದಿಂದ ಇಳಿದ ಅದೇ ಡಿಇಎಚ್‌ಪಿ ಕೆಂಪು ರಕ್ತಕಣಗಳು ಒಡೆಯದ ಹಾಗೆ ಕಾಪಾಡುತ್ತದೆ. ಬದಲಿ ಚೀಲಗಳು ಬರುತ್ತಿವೆ, ನಿಧಾನವಾಗಿ.

ನೀವು ಕೇಳಬಹುದಾದದ್ದು ಇದು. ದಿನ ತುಂಬದೆ ಹುಟ್ಟಿದ ಗಂಡು ಮಗು ಐಸಿಯುನಲ್ಲಿದ್ದರೆ ಡಿಇಎಚ್‌ಪಿ ಇಲ್ಲದ ಟ್ಯೂಬು ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ಇಂಥ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕೆಂದಿತ್ತು. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಮೂಗಿನ ಟ್ಯೂಬಿನಲ್ಲಿ ಬಹುಕಾಲ ಆಹಾರ ಕೊಡಬೇಕಾಗಿದ್ದರೆ ಸಿಲಿಕೋನ್ ಅಥವಾ ಪಾಲಿಯುರೆಥೇನ್ ಟ್ಯೂಬು ಹಾಕಬಹುದೇ ಎಂದು ಹಾಸಿಗೆ ಹಿಡಿದವರ ಆರೈಕೆಗೆ ಬರುವ ಪಾಲಿಯೇಟಿವ್ ನರ್ಸನ್ನು ಕೇಳಿ. ಪಿವಿಸಿ ಟ್ಯೂಬು ಹೊಟ್ಟೆಯೊಳಗೆ ಕೆಲವೇ ದಿನಗಳಲ್ಲಿ ಬಿರುಸಾಗುತ್ತದೆ. ರೋಗಿಗೆ ನೋವೂ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಗಟ್ಟಲೆ ಮಲಗಿದಲ್ಲೇ ಇರುವ ಮಕ್ಕಳಿದ್ದಾರೆ. ಅವರನ್ನು ನೋಡಿಕೊಳ್ಳುವ ಅಮ್ಮಂದಿರು ಇದನ್ನು ಧೈರ್ಯವಾಗಿ ಕೇಳಬೇಕು.

ಹೆಜ್ಜೆ 6: ಬದಲಿ ಕೊಳ್ಳುವಾಗ

‘ಬಿಪಿಎ ಇಲ್ಲ’ ಎಂಬ ಚೀಟಿ ಥ್ಯಾಲೇಟಿನ ಬಗ್ಗೆ ಏನೂ ಹೇಳುವುದಿಲ್ಲ. ಅದು ಬೇರೆಯದೇ ವಸ್ತು. ‘ಡಿಇಎಚ್‌ಪಿ ಇಲ್ಲ’ ಎಂದಿದ್ದರೂ ನಿಲ್ಲಿ. ಅದರ ಜಾಗದಲ್ಲಿ ಡಿಐಎನ್‌ಪಿ ಹಾಕಿರಬಹುದು, ಅದೂ ಥ್ಯಾಲೇಟೇ. ಇಲಿಗಳಲ್ಲಿ ಅದೂ ಗಂಡು ಹಾರ್ಮೋನಿಗೆ ಅಡ್ಡ ಬಂದಿದೆ, ಶಕ್ತಿ ಕಡಿಮೆ ಅಷ್ಟೇ. ‘ಥ್ಯಾಲೇಟ್ ಇಲ್ಲ’ ಎಂದೇ ಬರೆದಿರಬೇಕು.

ಹಾಗಾದರೆ ಒಳಗೆ ಏನು ಹಾಕುತ್ತಾರೆ? ಆಟಿಕೆ, ವೈದ್ಯಕೀಯ ಸಾಮಾನಿಗೆ 2002ರಿಂದ ಡಿಐಎನ್‌ಸಿಎಚ್ ಬಳಕೆಯಲ್ಲಿದೆ. ಡಿಒಟಿಪಿ ಎಂಬುದು ಹೆಸರಿನಲ್ಲಿ ಥ್ಯಾಲೇಟಿನ ಹತ್ತಿರ ಇದ್ದರೂ ರಚನೆ ಬೇರೆ, ಇಲಿಗಳಲ್ಲಿ ಆ ದೋಷ ಕಂಡಿಲ್ಲ. ಸಿಟ್ರಿಕ್ ಆಮ್ಲದಿಂದ ಮಾಡುವ ಎಟಿಬಿಸಿ ಇದೆ. ಸೋಯಾ ಎಣ್ಣೆಯಿಂದ, ಹರಳೆಣ್ಣೆಯಿಂದ ಮಾಡುವವೂ ಇವೆ. ವೈದ್ಯಕೀಯ ಟ್ಯೂಬಿಗೆ ಟಿಒಟಿಎಂ ಹಾಕುತ್ತಾರೆ, ಅದು ದ್ರವಕ್ಕೆ ಇಳಿಯುವುದು ಬಹಳ ಕಡಿಮೆ. ಇವೆಲ್ಲ ಡಿಇಎಚ್‌ಪಿಗಿಂತ ಮೇಲು. ಆದರೆ ಇವೂ ಪ್ಲಾಸ್ಟಿಕ್ಕಿನಿಂದ ಹೊರಗೆ ಬರುವ ದ್ರವಗಳೇ. ಡಿಐಎನ್‌ಸಿಎಚ್ ಬಳಕೆ ಹೆಚ್ಚಿದ ದೇಶಗಳಲ್ಲಿ ಅದರ ಅಂಶ ಈಗ ಜನರ ಮೂತ್ರದಲ್ಲೂ ಸಿಗುತ್ತಿದೆ. ದಶಕಗಳ ಅನುಭವ ಇನ್ನೂ ಆಗಬೇಕಿದೆ.

ನನ್ನ ಅಭಿಪ್ರಾಯ ಇಷ್ಟು: ಬದಲಿ ದ್ರವ ಹುಡುಕುವುದಕ್ಕಿಂತ ದ್ರವವೇ ಬೇಡದ ವಸ್ತು ಹುಡುಕಿ. ಪಿವಿಸಿ ರೈನ್‌ಕೋಟಿನ ಬದಲು ನೈಲಾನ್ ಕೋಟು, ಇಲ್ಲದಿದ್ದರೆ ಕೊಡೆ. ಮೇಜಿಗೆ ಹತ್ತಿ ಬಟ್ಟೆ. ಚಪ್ಪಲಿಗೆ ಇವಿಎ ಎಂಬ ಹಗುರ ಫೋಮು ಅಥವಾ ನಮ್ಮದೇ ತೋಟದ ರಬ್ಬರು. ಎಲ್ಲವನ್ನೂ ಒಮ್ಮೆಲೇ ಬದಲಿಸಿ ದುಡ್ಡು ಸುರಿಯುವುದು ಬೇಡ. ಊಟಕ್ಕೆ ತಾಗುವುದು ಮೊದಲು, ಮಗುವಿನ ಬಾಯಿಗೆ ಹೋಗುವುದು ಅದರ ಜೊತೆಗೇ, ಉಳಿದದ್ದು ಹರಿದಾಗ.

ಹೆಜ್ಜೆ 7: ಹಳೆಯದನ್ನು ಏನು ಮಾಡಬೇಕು

ಇಲ್ಲಿ ಒಂದು ದೊಡ್ಡ ಅಪಾಯವಿದೆ. ಮಳೆಗಾಲದಲ್ಲಿ ಬಚ್ಚಲ ಒಲೆಗೆ ಸೌದೆ ಹೊತ್ತಿಕೊಳ್ಳದಿದ್ದಾಗ ಹಳೇ ಚಪ್ಪಲಿ, ಪೈಪಿನ ತುಂಡು, ಫ್ಲೆಕ್ಸಿನ ಚೂರು ಹಾಕಿ ಬೆಂಕಿ ಮಾಡುವುದು ಇನ್ನೂ ನಡೆಯುತ್ತಿದೆ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಕ್ಲೋರಿನ್ ಇರುವುದರಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಥ್ಯಾಲೇಟಿಗಿಂತ ಎಷ್ಟೋ ಪಾಲು ಕೆಟ್ಟದ್ದು, ವರ್ಷಗಟ್ಟಲೆ ಉಳಿಯುವಂಥದ್ದು. ಮಿಕ್ಕಿದ ಬೂದಿಯನ್ನು ಬಸಳೆ ಬುಡಕ್ಕೆ, ತೆಂಗಿನ ಬುಡಕ್ಕೆ ಹಾಕುತ್ತೇವೆ. ಆ ಒಲೆಗೆ ಪ್ಲಾಸ್ಟಿಕ್ಕಿನ ಒಂದು ಚೂರೂ ಹೋಗಬಾರದು. ಬೆಂಕಿ ಹಿಡಿಸಲು ತೆಂಗಿನ ಗರಿ, ಕೊತ್ತಳಿಗೆ, ಅಡಿಕೆ ಸೋಗೆಯನ್ನು ಮಳೆಗೆ ಮೊದಲೇ ಒಳಗಿಟ್ಟುಕೊಳ್ಳಿ.

ಹೂಳುವುದೂ ಬೇಡ. ಗಾಳಿಯಾಡುವ ಮಣ್ಣಿನಲ್ಲಿ ಥ್ಯಾಲೇಟನ್ನು ಸೂಕ್ಷ್ಮಜೀವಿಗಳು ಕೆಲವು ವಾರಗಳಲ್ಲಿ ಒಡೆಯುತ್ತವೆ. ಆದರೆ ಕೆರೆ, ಹೊಳೆಯ ತಳದ ಕೆಸರಿನಂಥ ಗಾಳಿಯಿಲ್ಲದ ಜಾಗದಲ್ಲಿ ಬಹುಕಾಲ ಉಳಿಯುತ್ತದೆ. ಹೊಸದಾಗಿ ಸೇರುತ್ತಲೇ ಇದ್ದರೆ ಒಡೆದು ಮುಗಿಯುವ ಹೊತ್ತೂ ಬರುವುದಿಲ್ಲ. ನಮ್ಮ ತೋಟದ ತೋಡುಗಳೆಲ್ಲ ಕೊನೆಗೆ ಸೇರುವುದು ಪಯಸ್ವಿನಿಗೋ ಶಿರಿಯಾ ಹೊಳೆಗೋ. ಬಾವಿ, ಕೆರೆ, ಸುರಂಗದ ಹತ್ತಿರವಂತೂ ಹಳೇ ಪೈಪಿನ ರಾಶಿ ಇರಲೇಬಾರದು.

ಉಳಿದ ದಾರಿ ಹರಿತ ಕರ್ಮ ಸೇನೆ, ಅಂದರೆ ಮನೆ ಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ಪಂಚಾಯತಿನ ತಂಡ. ಚಪ್ಪಲಿ, ರೈನ್‌ಕೋಟು, ಫ್ಲೆಕ್ಸ್, ಹೋಸ್ ಪೈಪನ್ನು ಹಾಲಿನ ಪ್ಯಾಕೆಟಿನ ಜೊತೆ ಸೇರಿಸಬೇಡಿ. ಪಿವಿಸಿ ಸೇರಿದರೆ ಪಾಲಿಥೀನಿನ ಮರುಬಳಕೆಯೂ ಕೆಡುತ್ತದೆ. ತೊಳೆದು, ಒಣಗಿಸಿ, ಬೇರೆ ಚೀಲದಲ್ಲಿ ಕಟ್ಟಿಡಿ. ಯಾವ ತಿಂಗಳು ಯಾವುದನ್ನು ತೆಗೆದುಕೊಳ್ಳುತ್ತಾರೆ ಎಂಬ ಪಟ್ಟಿ ಪಂಚಾಯತಿನಲ್ಲಿ ಸಿಗುತ್ತದೆ. ಮನೆಗೆ ಬರುವ ಅಕ್ಕಂದಿರನ್ನು ಕೇಳಿದರೂ ಹೇಳುತ್ತಾರೆ. ಈ ಕೆಲಸ ಮೇ ತಿಂಗಳೊಳಗೆ ಮುಗಿಸಿ. ಜೂನ್ ಮಳೆ ಹಿಡಿದರೆ ಪೈಪು, ಫ್ಲೆಕ್ಸ್ ಒಣಗುವುದು ಅಷ್ಟರಲ್ಲೇ ಇದೆ, ಒದ್ದೆ ಚೀಲವನ್ನು ಅವರು ತೆಗೆದುಕೊಳ್ಳುವುದಿಲ್ಲ.